ಪೆಲಿಕನ್ ಬೀದಿಯ ಹೆಸರಿದ್ದ ಹಾಡು

ಬರ್ಮಿಂಗ್‌ಹ್ಯಾಮ್
3 ಫೆಬ್ರವರಿ 1980

ಪ್ರೀತಿಯ ಕ್ಲೋವಿಸ್,

ನಿನ್ನ ಕ್ರಿಸ್ಮಸ್ ಕ್ಯಾಸೆಟ್ಟು ಜನವರಿ ಕಳೆದ ಮೇಲೆ ಬಂತು. ಬಂತಲ್ಲ, ಅಷ್ಟೇ ಸಾಕು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮುಗಿಸಿ ಬಂದು, ಸೀಮೆಎಣ್ಣೆಯ ಹೀಟರ್ ಹಚ್ಚಿ, ಪಕ್ಕದ ಮನೆಯ ಅವಿಸ್‌ಳನ್ನು ಕರೆದು ಕೂರಿಸಿಕೊಂಡು ಕೇಳಿದೆ. "ಶನಿವಾರದ ಸೂಪು ಒಲೆ ಮೇಲಿಟ್ಟು ಇತ್ತ ಬನ್ರಮ್ಮ, ಮಾತು ಮುಗಿಸದ ಕ್ಲೋವಿಸ್ ಬಂದಿದ್ದೀನಿ" ಎಂದು ನೀನು ಶುರು ಮಾಡಿದ ಕೂಡಲೇ ಅವಿಸ್, "ಈ ಗಂಡಸಿಗೆ ಮದುವೆ ಆಗಿದ್ಯೇನೆ?" ಎಂದಳು. "ಆಗಿತ್ತು, ಎರಡು ಸಲ. ಮನೇಲೂ ಹೀಗೇ ಮಾತಾಡ್ತಾನೆ ಅಂತ ಇಬ್ಬರೂ ಓಡಿಹೋದರು" ಎಂದೆ. ನಕ್ಕು ನಕ್ಕು ಅವಳ ಚಹಾ ಚೆಲ್ಲಿತು.

ಆ ರೇಡಿಯೋದವರು ನಿನ್ನನ್ನು ತಂತಿ ಸುತ್ತುವುದಕ್ಕೆಂದು ಸೇರಿಸಿಕೊಂಡಿದ್ದರು. ನಮ್ಮ ಜನರ ಹಾಡು ಹಾಕಿದರೆ ಬೆಟ್ಟದ ಮೇಲಿನ ದೊಡ್ಡ ಮನೆಗಳವರು ರೇಡಿಯೋ ಆರಿಸುತ್ತಾರೆ ಎನ್ನುತ್ತಿದ್ದರು. ಈಗ ಅದೇ ಮನೆಗಳ ಅಡುಗೆಯವರೂ ಯಜಮಾನರೂ ಶನಿವಾರ ನಿನ್ನ ದನಿಗೆ ಕಾಯುತ್ತಾರಂತೆ. ಹೆಮ್ಮೆಯಾಗುತ್ತದೆ. ಜಾಸ್ತಿ ಹೊಗಳುವುದಿಲ್ಲ, ನಿನಗೆ ತಲೆ ನಿಲ್ಲುವುದಿಲ್ಲ.

ಈಗ ನನ್ನ ತಕರಾರು. ಊರವರ ಮಕ್ಕಳ ಹಾಡೆಲ್ಲ ಹಾಕುತ್ತೀಯ, ನಿನ್ನದೇ ಸ್ಟುಡಿಯೋದಲ್ಲಿ ರೆಕಾರ್ಡು ಮಾಡಿಸುತ್ತೀಯ. ನನ್ನ ಗ್ಲೆನ್‌ರಾಯ್ ಏನು ಪಾಪ ಮಾಡಿದ? ಆರು ವರ್ಷದವನನ್ನು ಪರ್ಲ್ ಚಿಕ್ಕಮ್ಮನ ಮಡಿಲಿಗೆ ಹಾಕಿ ನಾನು ವಿಮಾನ ಹತ್ತಿದೆ. ಈಗ ಅವನಿಗೆ ಇಪ್ಪತ್ತು. ಫೋಟೋ ಇದೆ, ಅವನು ಬರೆದ ಕಾಗದಗಳಿವೆ. ಅವನ ದನಿ ಮಾತ್ರ ನನ್ನ ಕಿವಿಯಲ್ಲಿ ಇನ್ನೂ ಆರು ವರ್ಷದ್ದೇ.

ಇಲ್ಲಿನ ಪತ್ರಿಕೆಯಲ್ಲಿ ಕಿಂಗ್‌ಸ್ಟನ್ ಎಂದರೆ ಬರೀ ಗುಂಡಿನ ಸುದ್ದಿ. ಈ ವರ್ಷ ಚುನಾವಣೆಯಂತೆ. ನಿಜ ಹೇಳು, ನಮ್ಮ ಬೀದಿ ಹೇಗಿದೆ?

ನಿನ್ನ ಅಕ್ಕ
ಐಸಿಲ್ಡಾ


ಕಿಂಗ್‌ಸ್ಟನ್
24 ಫೆಬ್ರವರಿ 1980

ಪ್ರೀತಿಯ ಅಕ್ಕ,

ಪತ್ರಿಕೆಯವರಿಗೆ ಹೊಟ್ಟೆಪಾಡು, ಏನೋ ಬರೆಯುತ್ತಾರೆ. ಇಲ್ಲಿ ಗೋಡೆಗಳ ಮೇಲೆ ಬಣ್ಣ ಜಾಸ್ತಿಯಾಗಿದೆ, ಧ್ವನಿವರ್ಧಕಗಳ ಕೂಗು ಜಾಸ್ತಿಯಾಗಿದೆ, ಅಷ್ಟೆ. ದೊಡ್ಡ ಮೋರಿಯ ಈಚೆಗೆ ನಾವು, ಆಚೆಗೆ ಅವರು. ನೀನಿದ್ದಾಗಲೂ ಹಾಗೇ ಇತ್ತಲ್ಲ. ಆಗ ಕ್ರಿಕೆಟ್ಟಿಗೆ ಜಗಳವಾಡುತ್ತಿದ್ದೆವು, ಈಗ ಪಕ್ಷಕ್ಕೆ ಆಡುತ್ತಾರೆ.

ನಿನ್ನ ಮಗ ರಾಯ್‌ನ ದನಿ ಹೇಗಿದೆ ಎಂದು ಕೇಳಿದ್ದೀಯ. ಬೆಳಿಗ್ಗೆ ಅಂಗಳದ ನಲ್ಲಿಯ ಹತ್ತಿರ ಮೈ ತೊಳೆಯುತ್ತಾ ಹಾಡುತ್ತಾನೆ. ಬಕೆಟ್ ಹಿಡಿದು ಸರದಿಯಲ್ಲಿ ನಿಂತ ಹೆಂಗಸರು ಅವನಿಗೆ ಅವಸರ ಮಾಡುವುದಿಲ್ಲ. ನಮ್ಮ ಅಪ್ಪ ಇಗರ್ಜಿಯಲ್ಲಿ ಹಾಡುತ್ತಿದ್ದನಲ್ಲ, ಅದೇ ದನಿ, ಆದರೆ ಅಪ್ಪನ ಸಿಟ್ಟಿಲ್ಲದ್ದು. ಮಾತು ಕಡಿಮೆ. ನಾನು ಹತ್ತು ಮಾತಾಡಿದರೆ ಅವನು ಒಂದು "ಹೂಂ ಮಾವ" ಅನ್ನುತ್ತಾನೆ. ಕಾಯಿಸುತ್ತಿದ್ದೇನೆ ಅಕ್ಕ. ಹೊಸಬರನ್ನು ಬೇಗ ಮೇಲೆ ಹತ್ತಿಸಿದರೆ ಬೇಗ ಬೀಳುತ್ತಾರೆ. ಈ ವರ್ಷ ಅವನಿಗೊಂದು ಸರಿಯಾದ ಹಾಡು ಮಾಡಿಸುತ್ತೇನೆ. ನನ್ನ ಮೇಲೆ ಬಿಡು.

ಪರ್ಲ್ ಚಿಕ್ಕಮ್ಮ ಗಟ್ಟಿಯಾಗಿದ್ದಾಳೆ. ಸೆಖೆ ಎಂದು ಹಾಸಿಗೆಯನ್ನು ಕಿಟಕಿಯಿಂದ ದೂರ ಎಳೆದು ನೆಲದ ಮೇಲೆ ಹಾಕಿಕೊಂಡಿದ್ದಾಳೆ. ನೀನು ಸಾಮಾನು ತುಂಬಿ ಹಡಗಿನಲ್ಲಿ ಕಳಿಸಿದ ಪೀಪಾಯಿಯಲ್ಲಿದ್ದ ಬೂಟು ರಾಯ್‌ಗೆ ಸರಿಯಾಯಿತು.

ನಿನ್ನ
ಕ್ಲೋವಿಸ್


ಬರ್ಮಿಂಗ್‌ಹ್ಯಾಮ್
16 ಮಾರ್ಚ್ 1980

ಕ್ಲೋವಿಸ್,

ಸೆಖೆಗೆ ಹಾಸಿಗೆಯನ್ನು ಕಿಟಕಿಯಿಂದ ದೂರ ಎಳೆಯುವವರನ್ನು ನಾನು ಇದುವರೆಗೆ ಕಂಡಿಲ್ಲ. ನೀನು ರೇಡಿಯೋದಲ್ಲಿ ಊರಿಗೆಲ್ಲ ಟೋಪಿ ಹಾಕು, ನನಗೆ ಹಾಕಬೇಡ. ಗುಂಡು ಕಿಟಕಿಯಿಂದ ಬರುತ್ತದೆ ಎಂದು ನೆಲದಲ್ಲಿ ಮಲಗುತ್ತಿದ್ದೀರಿ. ಓದಿ ಜೀವ ಬಾಯಿಗೆ ಬಂತು.

ಆದರೆ ದೇವರು ಒಂದು ಬಾಗಿಲು ತೆರೆದ ಹಾಗಿದೆ. ನಮ್ಮ ಇಗರ್ಜಿಯ ಬೆಕ್‌ಫರ್ಡ್ ನಮ್ಮೂರ ಹಾಡುಗಾರರನ್ನು ಇಲ್ಲಿಗೆ ಕರೆಸಿ ಊರೂರು ಕಾರ್ಯಕ್ರಮ ಮಾಡಿಸುತ್ತಾನೆ. ಆಗಸ್ಟಿನಲ್ಲಿ ಒಂದು ತಂಡ ಬರುತ್ತದೆ. ಪೂಜೆ ಮುಗಿದ ಮೇಲೆ ಅವನನ್ನು ಮೆಟ್ಟಿಲ ಮೇಲೇ ಹಿಡಿದು ನಿಲ್ಲಿಸಿದೆ. "ಸಿಸ್ಟರ್ ಐಸಿಲ್ಡಾ, ನಿಮ್ಮ ಮಗ ಅಂತ ಮಾತ್ರ ಕರೆಸಕ್ಕಾಗಲ್ಲ. ಹಾಡುಗಾರ ಅಂತ ಪರ್ಮಿಟ್ ಕೇಳಬೇಕಾದ್ರೆ ಕಿಂಗ್‌ಸ್ಟನ್ ರೇಡಿಯೋದಲ್ಲಿ ಅವನ ಹಾಡು ಬಂದಿರಬೇಕು. ಬಂದಿರೋ ಕ್ಯಾಸೆಟ್ ತೋರಿಸಿ, ಅವನ ಹೆಸರು ಬರೀತೀನಿ" ಎಂದ.

"ರೇಡಿಯೋದೋನು ನನ್ನ ತಮ್ಮ" ಎಂದೆ. ಬೆಕ್‌ಫರ್ಡ್ ನಕ್ಕು, "ಹಾಗಿದ್ರೆ ಇಷ್ಟೊತ್ತು ಏನು ಮಾಡ್ತಿದ್ದ?" ಎಂದ. ಅದಕ್ಕೆ ಉತ್ತರ ನಿನಗಿದ್ದರೆ ಬರಿ.

ಒಂದು ಹಾಡು, ಕ್ಲೋವಿ. ಒಂದೇ ಒಂದು. ಚುನಾವಣೆಯ ಮೊದಲು ಮಗ ಆ ಊರಿನಿಂದ ಹೊರಗೆ ಬಂದರೆ ಸಾಕು. ಮೇ ಮುಗಿಯುವುದರೊಳಗೆ ಬೆಕ್‌ಫರ್ಡ್ ಹೆಸರುಗಳನ್ನು ಕಳಿಸುತ್ತಾನೆ.

ಅಕ್ಕ


ಕಿಂಗ್‌ಸ್ಟನ್
6 ಏಪ್ರಿಲ್ 1980, ಈಸ್ಟರ್ ಭಾನುವಾರ

ಪ್ರೀತಿಯ ಅಕ್ಕ,

ಬನ್ನು, ಚೀಸು ತಿಂದು, ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಬೈಯಬೇಡ. ನಾನು ಸುಮ್ಮನೆ ಕೂತಿಲ್ಲ. ರಾಯ್‌ಗೆಂದು ಒಂದು ಹಾಡು ಶುರು ಮಾಡಿದೆ. ಡ್ರಮ್ಮಿನವನು ಮೋರಿಯ ಆಚೆಗಿದ್ದಾನೆ, ಬರಲು ಹೆದರುತ್ತಾನೆ. ಬೇಸ್ ಗಿಟಾರಿನವನು ಕರ್ಫ್ಯೂ ಹೊತ್ತಿನಲ್ಲಿ ಸಿಕ್ಕಿಬಿದ್ದು ಪೊಲೀಸರ ಹತ್ತಿರ ಒದೆ ತಿಂದು ಮಲಗಿದ್ದಾನೆ. ಮೇ ತಿಂಗಳೊಳಗೆ ಅದು ಮುಗಿಯುವ ಮಾತಲ್ಲ.

ಮುಗಿದಿರುವುದು ಒಂದೇ ಒಂದು. ಅದರ ವಿಷಯ ನಿನಗೆ ಬಿಡಿಸಿ ಹೇಳಬೇಕು, ಏಕೆಂದರೆ ನೀನಿದ್ದಾಗ ಈ ಪದ್ಧತಿ ಇಷ್ಟು ಬೆಳೆದಿರಲಿಲ್ಲ. ಈಗ ಕುಣಿತದ ಅಂಗಳದಲ್ಲಿ ಸ್ಪೀಕರ್ ಕಟ್ಟಿ ಹಾಡು ಹಾಕುವ ಪ್ರತಿ ಸೌಂಡ್ ಸಿಸ್ಟಮ್ಮಿನವನಿಗೂ ಬೇರೆಯವರ ಹತ್ತಿರ ಇಲ್ಲದ ಹಾಡು ಬೇಕು. ಹಾಡುಗಾರನನ್ನು ಕರೆದು ತನ್ನ ಹೆಸರು, ತನ್ನ ಬೀದಿಯ ಹೆಸರು ಸೇರಿಸಿ ಹಾಡಿಸುತ್ತಾನೆ. ಮೆತ್ತನೆಯ ರೆಕಾರ್ಡು ತಟ್ಟೆಯ ಮೇಲೆ ಒಂದೋ ಎರಡೋ ಪ್ರತಿ ಕೊರೆಯುತ್ತೇವೆ. ಅದಕ್ಕೆ ಸ್ಪೆಷಲ್ ಅನ್ನುತ್ತಾರೆ. ಅದು ಆ ಕುಣಿತದ ಅಂಗಳಕ್ಕೆ ಮಾತ್ರ. ಇವತ್ತು ಇವನನ್ನು ಹೊಗಳಿ ಹಾಡಿದವನು ನಾಳೆ ಅವನ ಎದುರಾಳಿಯನ್ನು ಹೊಗಳುತ್ತಾನೆ. ಯಾರೂ ತಪ್ಪು ತಿಳಿಯುವುದಿಲ್ಲ, ಅದು ಹಾಡುಗಾರನ ಕಸುಬು.

ಕ್ರಿಸ್ಮಸ್ ಹೊತ್ತಿಗೆ ಮೋರಿ ದಾಟಿ ಓಡಾಡಬಹುದಿತ್ತು. ಆಗ ಆಚೆಕಡೆಯ ಲೈಟ್‌ಹೌಸ್ ಎಂಬ ಸೌಂಡಿನವರಿಗೆ ರಾಯ್ ನನ್ನ ಸ್ಟುಡಿಯೋದಲ್ಲೇ ಒಂದು ಸ್ಪೆಷಲ್ ಹಾಡಿದ. ಅಕ್ಕ, ಇಷ್ಟು ವರ್ಷದಲ್ಲಿ ನಾನು ಮಾಡಿಸಿದ ಹಾಡುಗಳಲ್ಲಿ ಅದರ ಸಮಕ್ಕೆ ಬರುವುದು ಯಾವುದೂ ಇಲ್ಲ. ಒಂದು ಪ್ರತಿ ನನ್ನ ಹತ್ತಿರ ಇದೆ. ಆದರೆ ನಡುವೆ ಒಂದು ಸಾಲು ಬರುತ್ತದೆ: "ಪೆಲಿಕನ್ ಬೀದಿಯೇ ನನ್ನ ಬೀದಿ, ಅಲ್ಲಿಯವರೇ ನನ್ನವರು." ಪೆಲಿಕನ್ ಬೀದಿ ಆಚೆಯ ಪಕ್ಷದವರ ಕೋಟೆ. ಕುಣಿತದಲ್ಲಿ ಅದು ಹಾಡು. ರೇಡಿಯೋದಲ್ಲಿ ಬಂದರೆ ಊರೆಲ್ಲ ಕೇಳುವ ಹಾಗೆ ಪಕ್ಷ ಬದಲಿಸಿದಂತೆ. ಅವನು ಮಲಗುವುದು ಈಚೆಕಡೆ. ರಾಯ್ ಕೂಡ, "ಮಾವ, ಅದು ಬೇಡ" ಎಂದ.

ಆ ಸಾಲನ್ನು ಕತ್ತರಿಸಿದರೆ ಹಾಡು ಕುಂಟುತ್ತದೆ. ಕುಂಟುವ ಹಾಡಿಗೆ ನನ್ನ ಹೆಸರು ಹಾಕಲಾರೆ. ಬೇರೆ ಏನಾದರೂ ಯೋಚಿಸುತ್ತೇನೆ.

ಕ್ಲೋವಿಸ್


ಬರ್ಮಿಂಗ್‌ಹ್ಯಾಮ್
20 ಏಪ್ರಿಲ್ 1980

ಕ್ಲೋವಿ,

ನೀನು ಯೋಚಿಸುತ್ತಾ ಕೂರು, ಬೆಕ್‌ಫರ್ಡ್ ಬೇರೆಯವರ ಮಕ್ಕಳ ಹೆಸರು ಬರೆದುಕೊಳ್ಳುತ್ತಿದ್ದಾನೆ.

ನಾನು ಬಟ್ಟೆ ಒಗೆಯುವವಳು, ನಿನ್ನ ಕಸುಬು ನನಗೆ ಗೊತ್ತಿಲ್ಲ. ಆದರೆ ನಿನ್ನ ಕಾರ್ಯಕ್ರಮ ಕೇಳುತ್ತೇನಲ್ಲ. ಯಾವ ಹಾಡನ್ನೂ ನೀನು ಸುಮ್ಮನೆ ಹೋಗಲು ಬಿಟ್ಟಿದ್ದಿಲ್ಲ. ಒಳ್ಳೇ ಜಾಗ ಬಂತು ಎನ್ನುವಷ್ಟರಲ್ಲಿ ನಿನ್ನ ಬಾಯಿ ಅಡ್ಡ ಬರುತ್ತದೆ. ಸೋಪಿನ ಜಾಹೀರಾತು, ಯಾರದೋ ಹುಟ್ಟುಹಬ್ಬ, ನಿನ್ನ ಮೊಣಕಾಲು ನೋವು, ಎಲ್ಲವನ್ನೂ ಹಾಡಿನ ಮೇಲೇ ಹೇಳುತ್ತೀಯ. ಹಾಗಿದ್ದರೆ ಆ ಸಾಲು ಬಂದಾಗಲೂ ಮಾತಾಡು. ನಿನ್ನ ಮಾತಿನ ಕೆಳಗೆ ಹೂತುಹೋಗಲಿ. ಬೆಕ್‌ಫರ್ಡ್‌ಗೆ ಬೇಕಾಗಿರುವುದು ಹಾಡು ರೇಡಿಯೋದಲ್ಲಿ ಬಂತು ಎನ್ನುವುದು ಮಾತ್ರ.

ಹಾಕು. ನಾನು ಹೇಳುತ್ತಿದ್ದೇನೆ, ಹಾಕು. ನನ್ನ ಮಗನನ್ನು ಅಲ್ಲಿಂದ ಹೊರಗೆ ಕಳಿಸು.

ಅಕ್ಕ


ಕಿಂಗ್‌ಸ್ಟನ್
11 ಮೇ 1980

ನನ್ನ ಜಾಣ ಅಕ್ಕನಿಗೆ,

ಆಯಿತು! ನಿನ್ನೆ ಹಾಕಿದೆ. ನಿನ್ನ ಉಪಾಯದಂತೆಯೇ ಮಾಡಿದೆ. ಇಷ್ಟು ವರ್ಷ ರೇಡಿಯೋದಲ್ಲಿದ್ದವನಿಗೆ ಬಟ್ಟೆ ಒಗೆಯುವವಳು ಪಾಠ ಹೇಳಬೇಕಾಯಿತು.

ರಾಯ್‌ನನ್ನು ಹಟ ಮಾಡಿ ಕರೆದುಕೊಂಡು ಹೋಗಿ ನನ್ನ ಹಿಂದೆ ಸ್ಟೂಲಿನ ಮೇಲೆ ಕೂರಿಸಿದ್ದೆ. ಇಸ್ತ್ರಿ ಮಾಡಿದ ಅಂಗಿ, ನೀನು ಕಳಿಸಿದ ಬೂಟು. "ನಮ್ಮಕ್ಕನ ಮಗ, ನಾನೇ ಎತ್ತಿ ಆಡಿಸಿದವನು" ಎಂದು ಹೇಳಿ ತಟ್ಟೆಯ ಮೇಲೆ ಸೂಜಿ ಇಟ್ಟೆ. ಆ ಸಾಲು ಬರುವ ಹೊತ್ತಿಗೆ ಸರಿಯಾಗಿ ಸೆಯಿಂಟ್ ಮೇರಿ ಜಿಲ್ಲೆಯ ಯಾವಳೋ ಅಜ್ಜಿಗೆ ಹುಟ್ಟುಹಬ್ಬದ ಶುಭಾಶಯ ಹೇಳಿದೆ. ಒಂದಕ್ಷರವೂ ಹೊರಗೆ ಬೀಳಲಿಲ್ಲ. ಮರುಕ್ಷಣವೇ ಫೋನು ಶುರುವಾಯಿತು. ಕಚೇರಿಯ ಹುಡುಗಿ ಗಾಜಿನ ಆಚೆ ಎರಡು ಕೈಯಲ್ಲೂ ಫೋನು ಹಿಡಿದು ಕುಣಿಯುತ್ತಿದ್ದಳು. ಎಂದೂ ನನ್ನ ಕೋಣೆಗೆ ಕಾಲಿಡದ ಮ್ಯಾನೇಜರ್ ಬಾಗಿಲಲ್ಲಿ ಬಂದು ನಿಂತ. "ಯಾರಯ್ಯ ಇವನು?" ಎಂದ. ಅಕ್ಕ, ಈ ಮಾತಿಗಾಗಿ ನಾನು ಆ ಕಟ್ಟಡದಲ್ಲಿ ಎಷ್ಟು ವರ್ಷ ಕಾದಿದ್ದೆ ಗೊತ್ತೇ?

ಕ್ಯಾಸೆಟ್ಟು ಇದರ ಜೊತೆ ಇದೆ. ಹಾಡು ಮುಗಿದಲ್ಲಿಗೆ ಕ್ಯಾಸೆಟ್ಟೂ ಮುಗಿಯುತ್ತದೆ, ಉಳಿದದ್ದೆಲ್ಲ ನನ್ನ ಹರಟೆ. ಬೆಕ್‌ಫರ್ಡ್‌ಗೆ ಕೇಳಿಸು. ಆಮೇಲೆ ಅವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ನನ್ನ ತಮ್ಮ ಇಷ್ಟೊತ್ತು ಇದನ್ನೇ ಮಾಡುತ್ತಿದ್ದ ಎಂದು ಹೇಳು.

ಕ್ಲೋವಿಸ್


ಬರ್ಮಿಂಗ್‌ಹ್ಯಾಮ್
25 ಮೇ 1980

ನನ್ನ ಮುದ್ದು ತಮ್ಮ,

ಕೇಳಿದೆ. ನಿಂತುಕೊಂಡೇ ಕೇಳಿದೆ, ಕೂರಲು ಆಗಲಿಲ್ಲ. ಅವಿಸ್ ನನ್ನ ಕೈ ಹಿಡಿದುಕೊಂಡಿದ್ದಳು. ಅದು ಅಪ್ಪನ ದನಿ ಅಲ್ಲ ಕ್ಲೋವಿ, ನಿನಗೆ ಕಿವಿಯಿಲ್ಲ. ಅದು ಅಮ್ಮನ ದನಿ. ಅಮ್ಮ ಕಸ ಗುಡಿಸುವಾಗ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳಲ್ಲ, ಅದು.

ಬೆಕ್‌ಫರ್ಡ್ ಒಪ್ಪಿದ. ಗ್ಲೆನ್‌ರಾಯ್‌ನ ಹೆಸರು ಬರೆದುಕೊಂಡ! ಪರ್ಮಿಟ್ಟಿನ ಕಾಗದ ಜುಲೈಯಲ್ಲಿ ಅಲ್ಲಿನ ಬ್ರಿಟಿಷ್ ಕಚೇರಿಗೆ ಬರುತ್ತದಂತೆ. ಅವನೇ ಹೋಗಿ ಸಹಿ ಹಾಕಬೇಕು. ಮುಂದಿನ ಕೋಣೆಗೆ ಹೊಸ ಪರದೆ ಹಾಕಿದ್ದೇನೆ. ಮಂಚ ಅವಿಸ್ ಕೊಡುತ್ತಾಳೆ. ಅವನು ಬೆಳಿಗ್ಗೆ ಚಹಾ ಕುಡಿಯುತ್ತಾನೋ ಕೋಕೋ ಕುಡಿಯುತ್ತಾನೋ ಬರಿ, ತಾಯಿಯಾಗಿ ನನಗೆ ಅದೂ ಗೊತ್ತಿಲ್ಲ.

ಒಂದೇ ಒಂದು ಬೇಸರ. ಪಕ್ಕದಲ್ಲೇ ಕೂರಿಸಿಕೊಂಡಿದ್ದೆಯಲ್ಲ, ಮೈಕಿನಲ್ಲಿ ಒಂದು ಮಾತಾದರೂ ಆಡಿಸಬಾರದಿತ್ತೇ? "ಅಮ್ಮ, ಚೆನ್ನಾಗಿದ್ದೀನಿ" ಎಂದಿದ್ದರೆ ಸಾಕಿತ್ತು. ಹಾಡುವಾಗ ಎಲ್ಲರ ದನಿಯೂ ಬೇರೆಯಾಗುತ್ತದೆ. ಅವನು ಉಪ್ಪು ಕೊಡು ಎಂದು ಹೇಗೆ ಕೇಳುತ್ತಾನೆ ಎಂದು ನನಗೆ ಕೇಳಬೇಕು. ಹೋಗಲಿ, ಆಗಸ್ಟಿನಲ್ಲಿ ಅವನೇ ಬಂದು ಕೇಳುತ್ತಾನೆ.

ಅಕ್ಕ


ಕಿಂಗ್‌ಸ್ಟನ್
22 ಜೂನ್ 1980

ಪ್ರೀತಿಯ ಅಕ್ಕ,

ಬರೆಯುವುದು ತಡವಾಯಿತು. ಕೆಲಸ. ಶನಿವಾರದ ಜೊತೆ ಬುಧವಾರವೂ ನನಗೇ ಕೊಟ್ಟಿದ್ದಾರೆ.

ರಾಯ್ ಸೆಯಿಂಟ್ ಎಲಿಜಬೆತ್‌ನಲ್ಲಿರುವ ಪರ್ಲ್ ಚಿಕ್ಕಮ್ಮನ ಅಣ್ಣನ ಮನೆಗೆ ಹೋಗಿದ್ದಾನೆ. ಹಳ್ಳಿಯ ಗಾಳಿ ಗಂಟಲಿಗೆ ಒಳ್ಳೆಯದು. ಅಲ್ಲಿಂದ ಅಂಚೆ ಸರಿಯಾಗಿಲ್ಲ, ಅವನ ಕಾಗದ ಬರಲಿಲ್ಲ ಎಂದು ಗಾಬರಿಯಾಗಬೇಡ. ಬೀದಿಯ ಹುಡುಗರು ಅವನಿಗೆ ಪೆಲಿಕನ್ ಎಂದು ಅಡ್ಡಹೆಸರಿಟ್ಟಿದ್ದಾರೆ. ಹುಡುಗಾಟ. ಚಿಕ್ಕಮ್ಮ ಬೇಲಿಯ ತಗಡು ಬದಲಾಯಿಸಿದಳು.

ಅವನು ಕೋಕೋ ಕುಡಿಯುತ್ತಾನೆ.

ಬೆಕ್‌ಫರ್ಡ್‌ಗೆ ಸ್ವಲ್ಪ ಬೇಗ ಮಾಡಲು ಹೇಳು. ಜುಲೈ ಎಂದರೆ ಜುಲೈ ಮೊದಲ ವಾರವೇ ಆಗಲಿ.

ಕ್ಲೋವಿಸ್


ಬರ್ಮಿಂಗ್‌ಹ್ಯಾಮ್
6 ಜುಲೈ 1980

ಕ್ಲೋವಿ,

ಇದೇನು, ತಂತಿ ಕಳಿಸಿದ ಹಾಗೆ ಕಾಗದ ಬರೆದಿದ್ದೀಯ? ಮೈಕಿನ ಮುಂದೆ ಎಲ್ಲ ಮಾತೂ ಮುಗಿಸಿ ಅಕ್ಕನಿಗೆ ಚೂರುಪಾರು ಉಳಿಸುತ್ತೀಯಾ? ರೇಡಿಯೋಗೆ ಎರಡು ಸಲ ಫೋನು ಮಾಡಿದೆ. "ಮಿಸ್ಟರ್ ಕ್ಲೋವಿಸ್ ಟಲಕ್ ಈಗ ಬರೋಕ್ಕಾಗಲ್ಲ" ಎಂದಳು ಹುಡುಗಿ. ದೊಡ್ಡ ಮನುಷ್ಯನಾಗಿಬಿಟ್ಟೆ.

ಪೆಲಿಕನ್! ಓದಿ ನಕ್ಕೆವು. ಅಡ್ಡಹೆಸರು ಬಿತ್ತು ಎಂದರೆ ಹುಡುಗ ನಿಜವಾಗಿ ಹಾಡುಗಾರನಾದ ಎಂದು ಅವಿಸ್ ಹೇಳಿದಳು. ನಮ್ಮೂರಲ್ಲಿ ಅಪ್ಪ ಅಮ್ಮ ಇಟ್ಟ ಹೆಸರಿನಲ್ಲಿ ಗೆದ್ದವರು ಯಾರಿದ್ದಾರೆ?

ಕಾಗದಗಳು ಕಿಂಗ್‌ಸ್ಟನ್ ತಲುಪಿದವಂತೆ. ಅವನನ್ನು ಹಳ್ಳಿಯಿಂದ ಕರೆಸಿ ಸಹಿ ಹಾಕಿಸು. ಉಣ್ಣೆಯ ಕೋಟು ತೆಗೆದಿಟ್ಟಿದ್ದೇನೆ. ನೀಲಿ. ತೋಳು ಉದ್ದವಾದರೆ ಮಡಿಸಿ ಹೊಲಿಯುತ್ತೇನೆ.

ಅಕ್ಕ


ತಂತಿ
ಕಿಂಗ್‌ಸ್ಟನ್, 21 ಜುಲೈ 1980

ಗ್ಲೆನ್‌ರಾಯ್ ತೀರಿಕೊಂಡ. ಹಳ್ಳಿಯಲ್ಲಿ ಮಣ್ಣು ಮಾಡಿದೆವು. ಊರು ಸರಿಯಿಲ್ಲ. ಬರಬೇಡ. ಕ್ಲೋವಿಸ್.


ಕಿಂಗ್‌ಸ್ಟನ್
3 ಆಗಸ್ಟ್ 1980

ಅಕ್ಕ,

ಹೇಗೆ ಬರೆಯಲಿ? ಬರೆದು ಹರಿದು ಹಾಕುತ್ತಿದ್ದೇನೆ.

ಸಹಿ ಹಾಕಲು ಅವನು ಬಂದ. ಬೆಳಿಗ್ಗೆ ಕಚೇರಿಗೆ ಹೋಗಿ ಸಹಿ ಹಾಕಿದ. ನಾನು ಜೊತೆಗಿದ್ದೆ. ಸಂಜೆಯ ಬಸ್ಸಿಗೆ ವಾಪಸ್ಸು ಕಳಿಸಬೇಕೆಂದಿದ್ದೆವು. ಅಷ್ಟರೊಳಗೆ ಚಿಕ್ಕಮ್ಮನನ್ನು ನೋಡಿ ಬರುತ್ತೇನೆ ಎಂದು ಮನೆಗೆ ಹೋದ. ಮೋರಿಯ ಹತ್ತಿರ ಗುಂಡು ಹಾರಿತು. ಆ ಕಡೆಯವರೋ ಈ ಕಡೆಯವರೋ ಯಾರಿಗೆ ಗೊತ್ತು. ಈ ವರ್ಷ ಗುಂಡಿಗೆ ವಿಳಾಸವಿಲ್ಲ. ದಾರಿಯಲ್ಲಿ ಸಿಕ್ಕವರಿಗೆ ತಗಲುತ್ತದೆ. ಅವನಿಗೆ ನೋವಾಗಲಿಲ್ಲ ಎಂದು ಡಾಕ್ಟರ್ ಹೇಳಿದರು.

ಸ್ಮಶಾನಕ್ಕೆ ಹೋಗುವವರ ಮೇಲೂ ಗುಂಡು ಹಾರಿಸುತ್ತಿದ್ದಾರೆ, ಅದಕ್ಕೇ ಹಳ್ಳಿಗೆ ಒಯ್ದೆವು. ಒಂಬತ್ತನೆಯ ರಾತ್ರಿಯ ಜಾಗರಣೆ ಮಾಡಲು ಆಗಲಿಲ್ಲ. ಕರ್ಫ್ಯೂ. ಚಿಕ್ಕಮ್ಮ ಮಾತು ಬಿಟ್ಟಿದ್ದಾಳೆ.

ನಿನ್ನ ತಮ್ಮ
ಕ್ಲೋವಿಸ್


ಬರ್ಮಿಂಗ್‌ಹ್ಯಾಮ್
24 ಆಗಸ್ಟ್ 1980

ಪ್ರೀತಿಯ ಕ್ಲೋವಿ,

ಒಂಬತ್ತನೆಯ ರಾತ್ರಿ ನಾನು ಇಲ್ಲಿ ಮಾಡಿದೆ. ಅದಿಲ್ಲದೆ ಅವನು ದಾರಿಯಲ್ಲೇ ನಿಂತುಬಿಡುತ್ತಾನಲ್ಲ. ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿದೆವು. ಅವಿಸ್ ಮೀನು ಕರಿದಳು, ಬೆಕ್‌ಫರ್ಡ್ ರಮ್ ತಂದ. ಬೀದಿಯ ನಮ್ಮವರೆಲ್ಲ ಬಂದು ಬೆಳಗಿನವರೆಗೆ ಹಾಡಿದರು, ಡಾಮಿನೋ ಆಡಿದರು. ಪಕ್ಕದ ಬಿಳಿಯ ಮುದುಕ ಗಲಾಟೆ ಎಂದು ಬೈಯಲು ಬಂದವನು, ವಿಷಯ ಕೇಳಿ ಟೋಪಿ ತೆಗೆದು ಮೂಲೆಯಲ್ಲಿ ಕೂತ. ಅವಿಸ್ ಕೊಟ್ಟ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆವು, ಗ್ಲೆನ್‌ರಾಯ್‌ನ ಆತ್ಮ ಅದರ ಮೇಲೆ ಬಂದು ಮಲಗಬಾರದೆಂದು. ಅವನು ಒಮ್ಮೆಯೂ ಮಲಗದ ಮಂಚ ಅದು.

ನೀನು ಕಳಿಸಿದ ಕ್ಯಾಸೆಟ್ಟನ್ನೇ ಮತ್ತೆ ಮತ್ತೆ ಹಾಕಿದೆವು. ಕ್ಲೋವಿ, ನಿನಗೆ ಕೈ ಮುಗಿಯುತ್ತೇನೆ. ನೀನು ಆ ಹಾಡು ಹಾಕದಿದ್ದರೆ ಅವನ ದನಿಯೇ ನನಗೆ ಸಿಗುತ್ತಿರಲಿಲ್ಲ. ನೀನು ನೊಂದುಕೊಳ್ಳಬೇಡ. ಅವನಿಗಾಗಿ ಮಾಡಬೇಕಾದ್ದನ್ನು ನೀನು ಮಾಡಿದೆ.

ಸಾವಿನ ಪ್ರಕಟಣೆಯನ್ನು ರೇಡಿಯೋದಲ್ಲಿ ಯಾವ ದಿನ ಓದಿದರು? ಅದರ ಕ್ಯಾಸೆಟ್ಟಿದ್ದರೆ ಕಳಿಸು. ಹಳ್ಳಿಯ ಮೂಲೆಯಲ್ಲಿ ಸತ್ತವರ ಹೆಸರನ್ನೂ ಸಂಜೆ ರೇಡಿಯೋದಲ್ಲಿ ಓದುತ್ತಾರೆ. ಗ್ಲೆನ್‌ರಾಯ್‌ನ ಹೆಸರನ್ನು ಅವನ ಮಾವನೇ ಓದಿರಬೇಕು.

ಅಕ್ಕ


ಕಿಂಗ್‌ಸ್ಟನ್
16 ನವೆಂಬರ್ 1980

ಪ್ರೀತಿಯ ಅಕ್ಕ,

ಚುನಾವಣೆ ಮುಗಿಯಿತು. ಮೋರಿಯ ಮೇಲೆ ಮತ್ತೆ ಜನ ಓಡಾಡುತ್ತಿದ್ದಾರೆ. ಗೋಡೆಗಳಿಗೆ ಸುಣ್ಣ ಬಳಿಯುತ್ತಿದ್ದಾರೆ. ಪ್ರಕಟಣೆಯ ಕ್ಯಾಸೆಟ್ಟು ಸಿಗಲಿಲ್ಲ.

ಹೇಳಬೇಕಾದ ಎರಡು ವಿಷಯಗಳಿವೆ. ರೇಡಿಯೋದವರು ನನ್ನನ್ನು ಸಂಗೀತ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು. ಬಾಗಿಲ ಮೇಲೆ ಹೆಸರು ಹಾಕಿದ್ದಾರೆ. ನಮ್ಮಂಥ ಬೀದಿಯವನ ಹೆಸರು ಆ ಕಟ್ಟಡದಲ್ಲಿ ಇದೇ ಮೊದಲು.

ಇನ್ನೊಂದು, ರಾಯ್‌ನ ಹಾಡು. ಜನ ಬಿಡಲಿಲ್ಲ ಅಕ್ಕ, ದಿನವೂ ಕೇಳುತ್ತಿದ್ದರು. ಅದನ್ನು ಟೇಪಿಗೆ ಇಳಿಸಿಕೊಂಡು, ಪೆಲಿಕನ್ ಬೀದಿಯ ಸಾಲನ್ನು ಬ್ಲೇಡಿನಿಂದ ತೆಗೆದು, ಎರಡು ತುದಿ ಅಂಟಿಸಿದೆ. ಒಂದು ಮಧ್ಯಾಹ್ನದ ಕೆಲಸ. ಎಲ್ಲೂ ಕುಂಟುವುದಿಲ್ಲ. ಎಂಟು ವಾರದಿಂದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲನೆಯದು. ಲಂಡನ್ನಿನ ಕಂಪನಿಯೊಂದು ಅಲ್ಲಿಯೂ ಹೊರತರುತ್ತೇವೆ ಎಂದು ಕೇಳುತ್ತಿದೆ. ಹೊದಿಕೆಗೆ ಅವನ ಚಿಕ್ಕಂದಿನ ಫೋಟೋ ಬೇಕಂತೆ. ನಿನ್ನ ಹತ್ತಿರ ಇರುವುದನ್ನು ಕಳಿಸುತ್ತೀಯಾ? ಅವನ ಹೆಸರು ಉಳಿಯಲಿ ಎಂದು ಕೇಳುತ್ತಿದ್ದೇನೆ.

ಶನಿವಾರದ ಕಾರ್ಯಕ್ರಮವನ್ನು ಬೇರೊಬ್ಬನಿಗೆ ಕೊಟ್ಟಿದ್ದೇನೆ. ಗಂಟಲು ಸರಿಯಿಲ್ಲ.

ಕ್ಲೋವಿಸ್


ಬರ್ಮಿಂಗ್‌ಹ್ಯಾಮ್
28 ಡಿಸೆಂಬರ್ 1980

ಕ್ಲೋವಿಸ್,

ಅವಿಸ್‌ಳ ನಾದಿನಿ ಕಿಂಗ್‌ಸ್ಟನ್ನಿನಲ್ಲಿದ್ದಾಳೆ. ಅವಿಸ್ ಕೇಳಿದಳೆಂದು ಈ ವರ್ಷ ಪ್ರತಿ ಶನಿವಾರ ನಿನ್ನ ಕಾರ್ಯಕ್ರಮವನ್ನು ಮೊದಲಿಂದ ಕೊನೆವರೆಗೆ ಕ್ಯಾಸೆಟ್ಟಿಗೆ ತುಂಬಿಕೊಂಡು, ಕ್ರಿಸ್ಮಸ್ಸಿಗೆ ಒಟ್ಟಿಗೆ ಕಳಿಸಿದ್ದಾಳೆ. ಶರಬತ್ತಿಗೆಂದು ಒಣಗಿಸಿದ ಸಾರೆಲ್ ಹೂವಿನ ಜೊತೆ ಬಂತು. ಅದರಲ್ಲಿ ಮೇ ತಿಂಗಳ ಆ ಶನಿವಾರವೂ ಇತ್ತು.

ನೀನು ಕಳಿಸಿದ ಕ್ಯಾಸೆಟ್ಟು ಮುಗಿಯುವಲ್ಲಿ ಅವಳದು ಮುಗಿಯುವುದಿಲ್ಲ. ಹಾಡು ನಿಲ್ಲುತ್ತದೆ. ನೀನು, "ಫೋನು ಕಿತ್ತುಹೋಗ್ತಿದೆ ಕಣ್ರೋ! ಇನ್ನೊಂದ್ಸಲ ಬೇಕಾ? ಬೇಕಾ? ಸೂಜಿ ಎತ್ತಿದೆ ನೋಡಿ, ಮತ್ತೆ ಮೊದಲಿಂದ! ಈ ಸಲ ನಾನು ಬಾಯೇ ಬಿಡಲ್ಲ, ನನ್ನಾಣೆ, ನೀವು ಅವನ ದನಿ ಕೇಳಿ" ಎನ್ನುತ್ತೀಯ. ಮತ್ತೆ ಹಾಕುತ್ತೀಯ. ಹುಟ್ಟಿದಾಗಿನಿಂದ ಬಾಯಿ ಮುಚ್ಚದವನು ಆವತ್ತು ಬಾಯಿ ಮುಚ್ಚಿ ಕೂತೆ. ಆ ಸಾಲು ಪೂರ್ತಿ ಹೊರಗೆ ಬಂತು. ಇಡೀ ದ್ವೀಪ ಕೇಳಿತು. ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದನಲ್ಲ, ಅವನೂ ಕೇಳಿದ.

ನಾದಿನಿ ಕಾಗದವನ್ನೂ ಬರೆದಿದ್ದಾಳೆ. ಮೋರಿಯ ಹತ್ತಿರ ಅಲ್ಲವಂತೆ. ಚಿಕ್ಕಮ್ಮನ ಗೇಟಿನಲ್ಲೇ ಅಂತೆ. ನಮ್ಮದೇ ಬೀದಿಯ ಹುಡುಗರು, ಅವನ ಜೊತೆ ಆಡಿ ಬೆಳೆದವರು, "ಏ ಪೆಲಿಕನ್, ಬಾರೋ ಇಲ್ಲಿ" ಎಂದು ಕರೆದರಂತೆ. ವಿಳಾಸ ಇತ್ತು, ಕ್ಲೋವಿಸ್. ಸಾಲನ್ನು ನೀನು ಮುಚ್ಚಿದ್ದರೆ ಆ ಅಡ್ಡಹೆಸರು ಎಲ್ಲಿಂದ ಬಂತು ಎಂದು ನಾನು ಆವತ್ತೇ ಕೇಳಬೇಕಿತ್ತು. ನಾನು ನಕ್ಕೆ. ಹಾಕು ಎಂದು ಬರೆದ ಕೈಯೂ ನನ್ನದೇ. ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ಆದರೆ ಬ್ಲೇಡಿಗೆ ಒಂದು ಮಧ್ಯಾಹ್ನ ಸಾಕಾಯಿತು ಎಂದು ಬರೆದಿದ್ದೀಯ. ಆ ಮಧ್ಯಾಹ್ನ ನಿನಗೆ ಏಪ್ರಿಲ್‌ನಲ್ಲಿ ಸಿಗಲಿಲ್ಲ. ಫೋಟೋ ಕಳಿಸುವುದಿಲ್ಲ. ಲಂಡನ್ನಿನವರಿಗೆ ತಾಯಿ ಒಪ್ಪಲಿಲ್ಲ ಎಂದು ಹೇಳು.

ಇದನ್ನೆಲ್ಲ ಬರೆಯದೆ ಸುಮ್ಮನಿದ್ದುಬಿಡುತ್ತಿದ್ದೆನೇನೋ. ಇನ್ನೊಂದಿದೆ. ಎರಡನೆಯ ಸಲ ಹಾಡು ಬರುವಾಗ, ನೀನು ಸುಮ್ಮನೆ ಕೂತಿರುವಾಗ, ಹಿಂದಿನಿಂದ ಒಂದು ದನಿ ಕೇಳುತ್ತದೆ. ಅವಿಸ್‌ಗೆ ಕೂಡಲೇ ಕೇಳಲಿಲ್ಲ, ನನಗೆ ಕೇಳಿತು. "ಮಾವ, ಮಾತಾಡು." ಆಮೇಲೆ ಇನ್ನೂ ಹತ್ತಿರದಿಂದ, "ಮಾತಾಡು ಮಾವ, ಆ ಸಾಲು ಬಂತು." ನೀನು ನಗುತ್ತೀಯ. ನೀನು ಅಷ್ಟು ಸಂತೋಷವಾಗಿ ನಕ್ಕಿದ್ದನ್ನು ನಾನು ಚಿಕ್ಕಂದಿನಿಂದಲೂ ಕೇಳಿರಲಿಲ್ಲ.

ಅವಿಸ್, "ಸುಟ್ಟುಬಿಡೇ ಅದನ್ನ, ಮನೇಲಿಟ್ಕೋಬೇಡ" ಎಂದಳು. ಹೇಗೆ ಸುಡಲಿ? ನನ್ನ ಮಗ ಹಾಡದೆ ಬರೀ ಮಾತಾಡಿದ್ದು ನನ್ನ ಹತ್ತಿರ ಇಷ್ಟೇ ಇದೆ. ಅದನ್ನು ಕೇಳಬೇಕಾದರೆ ನಿನ್ನ ನಗುವನ್ನೂ ಕೇಳಬೇಕು. ದಿನಾ ಕೆಲಸದಿಂದ ಬಂದು ಕೇಳುತ್ತೇನೆ.

ನನಗೆ ಕಾಗದ ಬರೆಯಬೇಡ.

ಐಸಿಲ್ಡಾ